ನಾಣ್ಯದ ಡೈರಿ 9: "ಬ್ರೋ, ಅವನ್ನೆಲ್ಲಾ ಮನೇಲಿ ಎಲ್ಲಿಡ್ತೀಯಾ?"

ಈ ಸೀರೀಸ್ ಶುರು ಮಾಡಿದಾಗಿಂದ ಡಿಎಂನಲ್ಲಿ ಅತಿ ಹೆಚ್ಚು ಬಂದಿರೋ ಪ್ರಶ್ನೆ "ಇದರ ರೇಟ್ ಎಷ್ಟು?" ಅನ್ನೋದು. ಎರಡನೇದು ಮೇಲೆ ಬರೆದಿದ್ದೀನಲ್ಲ, ಅದು. ಮೊದಲನೇದಕ್ಕೆ ಗೊತ್ತಿದ್ದಷ್ಟು ಉತ್ತರ ಕೊಡ್ತೀನಿ. ಎರಡನೇದಕ್ಕೆ ಯಾರಿಗೂ ಕೊಡಲ್ಲ, ಪಕ್ಕದ ಬೆಂಚಿನವನಿಗೂ ಇಲ್ಲ. ಬೇಜಾರ್ ಮಾಡ್ಕೋಬೇಡಿ. ನಿಮ್ಮನ್ನೂ ಯಾರಾದ್ರೂ ಹೀಗೆ ಕೇಳಿದ್ರೆ ನೀವೂ ಕೊಡಬೇಡಿ ಅಂತಲೇ ಇವತ್ತಿನ ಪೋಸ್ಟ್. ಫೋಟೋದಲ್ಲಿ ನಾಣ್ಯದ ಬದಲು ರಿಜಿಸ್ಟರ್ ಪುಟ ಯಾಕಿದೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಕಳ್ಳನ ಕಣ್ಣಲ್ಲಿ ನೋಡಿ. ಐದನೇ ಜಾರ್ಜ್ ರಾಜನ 1911ರ ರೂಪಾಯಿ ಬಗ್ಗೆ ಕೇಳಿರಬಹುದು. ರಾಜನ ನಿಲುವಂಗಿ ಮೇಲಿದ್ದ ಪುಟಾಣಿ ಆನೆ ಥೇಟ್ ಹಂದಿ ಥರ ಕಾಣತ್ತೆ ಅಂತ ಜನ ಗಲಾಟೆ ಮಾಡಿದ್ರು. 1912ರಲ್ಲಿ ಅಚ್ಚು ತಿದ್ದಿದ್ರು. ಸಂಗ್ರಹ ಮಾಡೋರಿಗೆ ಆ 'ಹಂದಿ ರೂಪಾಯಿ' ಅಂದ್ರೆ ಪ್ರಾಣ. ಅದೇ ರಾಜನ 1918ರ ರೂಪಾಯಿ ಎಷ್ಟೋ ಮನೆ ದೇವರ ಕೋಣೆಯಲ್ಲೇ ಸಿಗತ್ತೆ. ಆದ್ರೆ ಎರಡೂ 11.66 ಗ್ರಾಂ, ಅಂದ್ರೆ ಸರಿಯಾಗಿ ಒಂದು ತೊಲ. ಎರಡರಲ್ಲೂ ಶೇಕಡಾ 91.7 ಬೆಳ್ಳಿ. ಮೂಸೆಗೆ ಹಾಕಿದ್ರೆ ಎರಡೂ ಒಂದೇ. ಮನೆಗೆ ನುಗ್ಗೋನಿಗೆ ಬೇಕಾಗಿರೋದು ಲೋಹ. ಕರಗಿಸಿಬಿಟ್ರೆ ಗುರುತೂ ಇಲ್ಲ, ಸಾಕ್ಷಿಯೂ ಇಲ್ಲ.

2017ರ ಮಾರ್ಚ್‌ನಲ್ಲಿ ಬರ್ಲಿನ್‌ನ ಬೋಡೆ ಮ್ಯೂಸಿಯಂನಲ್ಲಿ ಆಗಿದ್ದೂ ಇದೇ. ಕೆನಡಾದಲ್ಲಿ ಮಾಡಿದ್ದ 100 ಕಿಲೋ ತೂಕದ ಚಿನ್ನದ ನಾಣ್ಯವನ್ನ ಕಳ್ಳರು ರಾತ್ರೋರಾತ್ರಿ ಕಿಟಕಿಯಿಂದ ಇಳಿಸಿ, ಕೈಗಾಡಿಯಲ್ಲಿ ತಳ್ಕೊಂಡು ಹೋದ್ರು. ಅದೇ ಕಟ್ಟಡದಲ್ಲಿ ಲಕ್ಷಾಂತರ ಹಳೇ ನಾಣ್ಯ, ಪದಕಗಳ ಸಂಗ್ರಹ ಇದೆ. ಅವರು ಹೊತ್ತಿದ್ದು ಈ ಒಂದನ್ನ. ಆ ನಾಣ್ಯ ವಾಪಸ್ ಸಿಗಲೇ ಇಲ್ಲ. ಆಮೇಲೆ ಶಿಕ್ಷೆಯಾದವರಲ್ಲಿ ಒಬ್ಬ ಅಲ್ಲೇ ಕಾವಲು ಕೆಲಸಕ್ಕಿದ್ದವನು. ಮ್ಯೂಸಿಯಂನ ಗಾಜು, ಬೀಗ ಎಲ್ಲಾ ಇತ್ತು. ಒಳಗಿನ ಸುದ್ದಿ ಮಾತ್ರ ಹೊರಗೆ ಹೋಗಿತ್ತು.

ನಮ್ಮ ಮನೆಗಳಲ್ಲಿ ಆ ಸುದ್ದೀನ ಹೊರಗೆ ಬಿಡೋರು ನಾವೇ. ವರಮಹಾಲಕ್ಷ್ಮಿ ಹಬ್ಬದ ದಿನ ನಿಮ್ಮ ಸ್ಟೋರಿಗಳನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಕಲಶಕ್ಕೆ ಕಾಸಿನ ಸರ, ಮುಂದೆ ತಟ್ಟೆ ತುಂಬಾ ಬೆಳ್ಳಿ ರೂಪಾಯಿ, ಹಿಂದೆ ಅರ್ಧ ತೆಗೆದ ಬೀರು, ಮೇಲೆ ಲೊಕೇಶನ್ ಟ್ಯಾಗು. ಎರಡು ದಿನ ಬಿಟ್ಟು ಇನ್ನೊಂದು ಸ್ಟೋರಿ: "ಫ್ಯಾಮಿಲಿ ಟ್ರಿಪ್, ಧರ್ಮಸ್ಥಳ!" ಕಳ್ಳನಿಗೆ ಇನ್ನೇನು ಬೇಕು ಗುರು? ನಾನು ನಾಣ್ಯದ ಫೋಟೋ ಹಾಕೋ ರೀತಿ ನೋಡಿ: ಬಿಳಿ ಹಾಳೆ ಮೇಲೆ ಒಂದೇ ಒಂದು ನಾಣ್ಯ. ಟೈಲ್ಸ್ ಕಾಣಲ್ಲ, ಕಿಟಕಿ ಕಾಣಲ್ಲ, ಒಟ್ಟು ಎಷ್ಟಿವೆ ಅಂತ ಎಲ್ಲೂ ಬರೆಯಲ್ಲ. ಟ್ರಿಪ್ ಫೋಟೋ ಮನೆಗೆ ಬಂದ ಮೇಲೆ. ಊರಿಗೆ ಹೋಗೋ ಮುಂಚೆ ಹತ್ತಿರದ ಠಾಣೆಗೆ ತಿಳಿಸಿ ಹೋಗೋದೂ ಒಳ್ಳೇದು, ಬೀಟ್ ಪೊಲೀಸರಿಗೆ ಬೀಗ ಹಾಕಿದ ಮನೆ ಯಾವುದು ಅಂತ ಗೊತ್ತಿರತ್ತೆ.

ಈಗ ಜಾಗದ ವಿಷಯ. ಅಕ್ಕಿ ಡಬ್ಬ, ಹಾಸಿಗೆ ಅಡಿ, ದೇವರ ಫೋಟೋ ಹಿಂದೆ, ಸೀರೆ ಮಡಿಕೆ... ಇವೆಲ್ಲ ನಮ್ಮಜ್ಜಿಗೆ ಗೊತ್ತಿರೋ ಹಾಗೆ ಕಳ್ಳನಿಗೂ ಗೊತ್ತು. ಬೀರುಗೆ ಬೀಗ ಹಾಕಿ ಕೀನ ಬೀರು ಮೇಲೇ ಇಡೋ ಪದ್ಧತಿ ಬಗ್ಗೆ ನಾನೇನೂ ಹೇಳಲ್ಲ, ನಿಮ್ಮನೇಲೂ ಇದೆ ಅಂತ ಗೊತ್ತು. ಸಣ್ಣ ತಿಜೋರಿ ತಗೊಂಡ್ರೆ ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಕೂರಿಸಲೇಬೇಕು. ಇಲ್ಲಾಂದ್ರೆ ಕಳ್ಳ ಅದನ್ನ ತೆಗೆಯೋ ಕಷ್ಟಾನೇ ಪಡಲ್ಲ, ಸೂಟ್‌ಕೇಸ್ ಥರ ಎತ್ಕೊಂಡು ಹೋಗ್ತಾನೆ.

ಬೆಲೆ ಬಾಳೋ ನಾಣ್ಯಗಳಿಗೆ ಬ್ಯಾಂಕ್ ಲಾಕರ್ರೇ ಸರಿ ಅಂತ ನನ್ನ ಅಭಿಪ್ರಾಯ. ಆದ್ರೆ ಒಂದು ಲೆಕ್ಕ ತಿಳ್ಕೊಂಡಿರಿ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಳ್ಳತನ, ಬೆಂಕಿ, ಕಟ್ಟಡ ಕುಸಿತ ಅಥವಾ ಸಿಬ್ಬಂದಿ ವಂಚನೆಯಿಂದ ಲಾಕರಿನ ವಸ್ತು ಹೋದ್ರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 2,000 ರೂಪಾಯಿ ಇದ್ರೆ 2 ಲಕ್ಷ. ಒಳಗೆ 5 ಲಕ್ಷದ ನಾಣ್ಯ ಇತ್ತು ಅಂದ್ರೂ ಅಷ್ಟೇ, ಯಾಕಂದ್ರೆ ಒಳಗೇನಿದೆ ಅಂತ ಬ್ಯಾಂಕಿಗೆ ಗೊತ್ತೇ ಇರಲ್ಲ. ಮತ್ತೆ ಮಳೆಗಾಲದ ತೇವಕ್ಕೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮೆತ್ತನೆ ಪಿವಿಸಿ ಕವರ್ ಮಾತ್ರ ಬೇಡ, ವರ್ಷಗಟ್ಟಲೆ ಇಟ್ರೆ ನಾಣ್ಯಕ್ಕೆ ಹಸಿರು ಜಿಗಟು ಅಂಟತ್ತೆ.

"ಮನೆಗೆ ಇನ್ಶೂರೆನ್ಸ್ ಇದೆ ಬಿಡೋ" ಅನ್ನೋರಿಗೆ: 2021ರ ಏಪ್ರಿಲ್‌ನಿಂದ ಇರೋ 'ಭಾರತ್ ಗೃಹ ರಕ್ಷಾ' ಪಾಲಿಸಿ ಮುಖ್ಯವಾಗಿ ಬೆಂಕಿ, ಪ್ರವಾಹ, ಭೂಕಂಪ ಇಂಥದ್ದಕ್ಕೆ. ಕಳ್ಳತನ ಅದರಲ್ಲಿ ಬರೋದು ಅಂಥ ಅನಾಹುತ ಆಗಿ 7 ದಿನದೊಳಗೆ, ಅದರ ಕಾರಣಕ್ಕೇ ಆದ್ರೆ ಮಾತ್ರ. ಸುಮ್ನೆ ಬೀಗ ಮುರಿದು ದೋಚಿದ್ರೆ ಬರಲ್ಲ. ಕಳ್ಳತನಕ್ಕೆ ಬೇರೆ ಕವರ್ ಬೇಕು, ಅದರಲ್ಲೂ ನಾಣ್ಯಗಳ ಪಟ್ಟಿ ಕೊಟ್ಟು ಸೇರಿಸ್ತೀರಾ ಅಂತ ಬರವಣಿಗೆಯಲ್ಲೇ ಕೇಳಿ.

ಪಟ್ಟಿ ಅಂದೆನಲ್ಲ, ಫೋಟೋದಲ್ಲಿರೋದು ಅದೇ. ಮೊದಲ ವರ್ಷ ಬಿಕಾಂನಲ್ಲಿ ಸ್ಟಾಕ್ ರಿಜಿಸ್ಟರ್ ಬರೀವಾಗ ನಾವೆಲ್ಲಾ ಆಕಳಿಸಿದ್ದೇ ಆಕಳಿಸಿದ್ದು. ಈಗ ನಾನು ಮನೇಲಿ ಖುಷಿಯಿಂದ ಬರೀತೀನಿ. ಒಂದು ಸಾಲಿಗೆ ಒಂದು ನಾಣ್ಯ: ಇಸವಿ, ಟಂಕಸಾಲೆ, ತೂಕ ಎರಡು ದಶಾಂಶದವರೆಗೆ, ಎರಡೂ ಮುಖದ ಫೋಟೋ ನಂಬರ್. ಗೀರು, ಕಲೆ, ಅಂಚಿನ ತಗ್ಗು ಏನಿದ್ರೂ ಬರೀಬೇಕು. ಕಪ್ಪಾಗಿದೆ ಅಂತ ಹುಣಸೆಹಣ್ಣು ಹಾಕಿ ತಿಕ್ಕಬೇಡಿ ಮಾರಾಯ್ರೆ! ಬೆಲೆಯೂ ಇಳಿಯತ್ತೆ, ಗುರುತೂ ಅಳಿಸಿ ಹೋಗತ್ತೆ. ಬೆಲೆ ಕಾಲಂನಲ್ಲಿ ಮಾತ್ರ ಕ್ಲಾಸಲ್ಲಿ ಕಲಿತಿದ್ದು ಕೆಲಸಕ್ಕೆ ಬರಲ್ಲ. "ಕೊಂಡ ಬೆಲೆ ಅಥವಾ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದು" ಅಂತ ಹಾಕಿದ್ರೆ ತಾತನ ರೂಪಾಯಿಗೆ ಒಂದೇ ರೂಪಾಯಿ ಬರತ್ತೆ! ಇವತ್ತಿನ ಬೆಲೆ ಬರೆದು ಪಕ್ಕದಲ್ಲಿ ತಾರೀಖು ಹಾಕಿ.

ಕೊನೇ ಕಾಲಂ 'ಎಲ್ಲಿಂದ ಬಂತು'. ಅದಕ್ಕೇ ನಂಗೆ ಜಾಸ್ತಿ ಹೊತ್ತು ಹಿಡಿದಿದ್ದು. ನಮ್ಮನೇಲಿರೋ 1919ರ ಒಂದು ರೂಪಾಯಿ ತಾತನ ಅಮ್ಮ ಮದುವೆಯಾಗಿ ಬರುವಾಗ ಮಡಿಲಕ್ಕಿ ಜೊತೆ ಬಂದಿದ್ದಂತೆ. ಅಂಗಡಿಯಲ್ಲಿ ಅದಕ್ಕೆ ಬೆಳ್ಳಿ ರೇಟಿಗಿಂತ ದೊಡ್ಡದಾಗಿ ಏನೂ ಸಿಗಲ್ಲ. ಆದ್ರೆ ಇಡೀ ರಿಜಿಸ್ಟರಿನಲ್ಲಿ ಯಾವುದೊಂದು ಹೋಗಬಾರದು ಅಂತ ಕೇಳಿದ್ರೆ ನಾನು ಅದನ್ನೇ ತೋರಿಸೋದು. ಅದರ ಕಥೆ ತಾತನಿಗೆ ಮಾತ್ರ ಗೊತ್ತಿತ್ತು, ಈಗ ಬರಹದಲ್ಲಿದೆ.

ಅಪ್ಪಿತಪ್ಪಿ ಕಳ್ಳತನ ಆಗೇ ಹೋದ್ರೆ ಏನನ್ನೂ ಮುಟ್ಟಬೇಡಿ, ಗುಡಿಸಬೇಡಿ, 112ಕ್ಕೆ ಫೋನ್ ಮಾಡಿ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ದೂರನ್ನ ಆನ್‌ಲೈನ್‌ನಲ್ಲೂ ಕೊಡಬಹುದು, ಆದ್ರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. "ಇದು ನಮ್ಮ ಠಾಣೆ ವ್ಯಾಪ್ತಿ ಅಲ್ಲ" ಅಂತ ವಾಪಸ್ ಕಳಿಸೋ ಹಾಗಿಲ್ಲ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತಗೊಳ್ಳಿ. ದೂರಿನ ಜೊತೆ ರಿಜಿಸ್ಟರ್, ಫೋಟೋ ಎರಡೂ ಲಗತ್ತಿಸಿ. ಅವತ್ತೇ ಊರಿನ ನಾಣ್ಯದ ವ್ಯಾಪಾರಿಗಳಿಗೂ, ಸಂಗ್ರಹಕಾರರ ವಾಟ್ಸಾಪ್ ಗುಂಪುಗಳಿಗೂ ಆ ಫೋಟೋ ಹೋಗಲಿ, ಕರಗಿಸೋ ಮುಂಚೆ ಯಾರಾದ್ರೂ ಗುರುತು ಹಿಡೀಬಹುದು. ಪೊಲೀಸರು ಮಾಲು ಹಿಡಿದ್ರೂ ಅದು ಕೋರ್ಟ್ ಮೂಲಕವೇ ಕೈಗೆ ಬರೋದು. "ಇವು ನಿಮ್ಮವೇ ಅನ್ನೋಕೆ ಏನಿದೆ?" ಅಂತ ಅಲ್ಲಿ ಕೇಳಿದಾಗ ತೋರಿಸೋಕೆ ಒಂದು ಪುಟ ಇರಲಿ. ರಿಜಿಸ್ಟರಿನ ಒಂದು ಪ್ರತಿ ಮನೆಯಿಂದ ಹೊರಗೂ ಇರಬೇಕು. ನಂದೊಂದು ಪೆನ್‌ಡ್ರೈವ್‌ನಲ್ಲಿದೆ. ಎಲ್ಲಿದೆ ಅಂತ ಕೇಳಬೇಡಿ.

ಮುಂದಿನ ವಾರ ಟಿಪ್ಪು ಕಾಲದ ಆನೆ ಕಾಸು. ಒಂದೇ ನಾಣ್ಯ, ಬಿಳಿ ಹಾಳೆ ಮೇಲೆ.

#ನಾಣ್ಯದಡೈರಿ #ಹಳೇನಾಣ್ಯ #ಬೆಳ್ಳಿರೂಪಾಯಿ #ಬಿಕಾಂಹುಡುಗರು