ಗಾಡಿ ಬಿಟ್ಟು ಸೈಕಲ್ ಹತ್ತಿದ ದಿನ

ಗದಗ–ಕೊಪ್ಪಳದ ನಡುವೆ ನಾವು ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ಅಪಘಾತ ಆದಾಗ, ಮಂತ್ರಿಗಳು ಬಂದಾಗ, ಬೆಳೆ ಹಾಳಾದಾಗ. ಹೆದ್ದಾರಿ ಹಿಡಿದರೆ ಸುಮಾರು 60 ಕಿ.ಮೀ., ಬೈಕಿನಲ್ಲಿ ಒಂದೂವರೆ ತಾಸು. ಸಂಜೆಯೊಳಗೆ ಸುದ್ದಿ ಕಳಿಸಬೇಕು. ಹಾಗಾಗಿ ದಾರಿ ಅನ್ನುವುದು ನಮಗೆ ಬೇಗ ಮುಗಿದರೆ ಸಾಕು ಅನ್ನುವಂಥದ್ದಾಗಿತ್ತು.

ಹೋದ ಎಳ್ಳಮಾವಾಸ್ಯೆ ಮುಗಿದ ವಾರ ಅದೇ ಕೊಪ್ಪಳಕ್ಕೆ ಸೈಕಲ್ ಮೇಲೆ ಹೊರಟೆವು. ಸುದ್ದಿ ಏನೂ ಇರಲಿಲ್ಲ. ನಾವು ಮತ್ತು ನಮ್ಮ ಸೈಕಲ್ಲು, ಇಬ್ಬರೇ.

ದೊಡ್ಡ ಬೆಲೆಯ ಗೇರ್ ಸೈಕಲ್ ಅಂದುಕೊಳ್ಳಬೇಡಿ. ಅಕ್ಕನ ಮಗನಿಗೆ 8ನೇ ತರಗತಿಯಲ್ಲಿ ಸರ್ಕಾರದಿಂದ ಸಿಕ್ಕಿದ್ದು. ಅವನು ಕಾಲೇಜಿಗೆ ಹೋದಮೇಲೆ ದನದ ಕೊಟ್ಟಿಗೆಯಲ್ಲಿ ಒರಗಿತ್ತು. ಹೊಸ ಟ್ಯೂಬ್ ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು, ಸೀಟು ಎರಡು ಬೆರಳು ಏರಿಸಿದೆವು. ಸೀಟು ತಗ್ಗಿದ್ದರೆ ಇಪ್ಪತ್ತು ಕಿಲೋಮೀಟರಿಗೇ ಮೊಣಕಾಲು ಹಿಡಿಯುತ್ತದೆ.

ಓಣಿಯಲ್ಲಿ ಮೊದಲು ಸಿಕ್ಕವರು ಕೇಳಿದ್ದು, "ಯಾಕ್ರೀ ಸರ, ಗಾಡಿ ಮಾರಿದ್ರೇನು?" ನಮ್ಮ ಕಡೆ ಸೈಕಲ್ ಅಂದರೆ ಬಡತನ ಅಂತಲೇ ಅರ್ಥ. ನಕ್ಕು ಮುಂದೆ ಹೋದೆವು.

ಬೆಳಗಿನ ಐದೂವರೆಗೆ ಊರು ಬಿಟ್ಟೆವು. ಚಳಿಗಾಲದಲ್ಲಿ ಇಲ್ಲಿ ಮೂಡಗಾಳಿ, ನಾವು ಹೊರಟಿದ್ದೂ ಮೂಡಣಕ್ಕೇ. ಬೈಕಿನ ಮೇಲಿದ್ದಾಗ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಅಂತ ಒಂದು ದಿನವೂ ಯೋಚಿಸಿದವರಲ್ಲ. ಸೈಕಲ್ ಮೇಲೆ ಅದು ತೊಡೆಗೇ ಗೊತ್ತಾಗುತ್ತದೆ. ಗಾಳಿಯ ಜೊತೆ ಜಗಳಕ್ಕೆ ಇಳಿದರೆ ನಾವೇ ಸೋಲುತ್ತೇವೆ. ತಾಸಿಗೆ ಹತ್ತು–ಹನ್ನೆರಡು ಕಿ.ಮೀ. ಸಾಕು ಅಂದುಕೊಂಡ ಮೇಲೆ ಉಸಿರು ಹದಕ್ಕೆ ಬಂತು, ಕಣ್ಣು ಹೊಲದ ಕಡೆ ತಿರುಗಿತು.

ಲಕ್ಕುಂಡಿ ದಾಟಿ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದೆವು. ಎರಡೂ ಕಡೆ ಎರಿ ಹೊಲ. ಹಿಂಗಾರಿ ಜೋಳ, ನಡುವೆ ಕುಸುಬಿ, ಮತ್ತೆ ಕಡಲೆ. ಒಂದು ಕಡಲೆ ಹೊಲದಲ್ಲಿ ವಯಸ್ಸಾದ ತಾಯಿಯೊಬ್ಬರು ಒದ್ದೆ ಅರಿವೆ ಹಿಂಡುತ್ತಿದ್ದರು. ಕೆಳಗೆ ಒಂದು ಬಟ್ಟಲು. ಕಡಲೆ ಹುಳಿ! ರಾತ್ರಿ ಗಿಡದ ಮೇಲೆ ಅರಿವೆ ಹಾಸಿಟ್ಟರೆ ಎಲೆಯ ಹುಳಿ ಇಬ್ಬನಿಯ ಜೊತೆ ಅದರಲ್ಲಿ ಇಳಿಯುತ್ತದೆ. ಹೊಟ್ಟೆನೋವಿಗೆ ಅಂತ ಹಳಬರು ಸೀಸೆಯಲ್ಲಿ ತೆಗೆದಿಡುತ್ತಾರೆ. ಚಿಕ್ಕಂದಿನಲ್ಲಿ ನಮ್ಮಜ್ಜಿ ಮಾಡುತ್ತಿದ್ದದ್ದು ನೆನಪಾಗಿ ಸೈಕಲ್ ನಿಲ್ಲಿಸಿ ಹೊಲಕ್ಕೆ ಇಳಿದೆವು.

"ಎಲ್ಲಿ ತನಕಾ ಹೊಂಟೀಯಪಾ?"

"ಕೊಪ್ಪಳಕ್ಕ, ಯಮ್ಮಾ."

"ಸೈಕಲ್ ಮ್ಯಾಲ? ಬಸ್ಸು ಬಂದ್ ಆಗ್ಯಾವೇನು?"

ಆಮೇಲೆ ನಮ್ಮ ಮುಖವನ್ನೇ ನೋಡುತ್ತ, "ನೀ ಪೇಪರಿನ್ಯಾಂವ ಅಲ್ಲೇನು?" ಅಂದರು. ಹೌದು ಅಂದೆವು.

"ಹೋದೊರ್ಷ ಮಳಿಗೆ ಉಳ್ಳಾಗಡ್ಡಿ ಕೊಳತಾಗ ಬಂದಿದ್ದಿ. ಗಾಡಿ ಬಂದ್ ಮಾಡ್ಲೇ ಇಲ್ಲ, ಮ್ಯಾಲ ಕುಂತಾನ ಕೇಳಿ ಬರಕೊಂಡು ಹೋದಿ. ನಾ ಮೂರೆಕರೆ ಅಂದ್ರ ನೀ ಆರೆಕರೆ ಅಂತ ಬರದಿ. ಊರಾಗ ಎಲ್ಲಾರೂ, ಮತ್ತ ಮೂರೆಕರೆ ಯಾವಾಗ ಕೊಂಡೆವ್ವಾ ಅಂತ ನಕ್ಕರು. ಪರಿಹಾರದ ಅರ್ಜಿ ಕೊಡಾಕ ಹೋದ್ರ ಅಲ್ಲೂ ಪೇಪರ್ ತೋರಿಸಿ ಕೇಳಿದ್ರು. ಎರಡು ಸಲ ಅಡ್ಡಾಡಿದೆ."

ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ. ಎಂಜಿನ್ ಸಪ್ಪಳದಲ್ಲಿ 'ಮೂರು' ಹೋಗಿ 'ಆರು' ಆಗಿತ್ತು. ಡಿಪ್ಲೊಮಾ ಓದುವಾಗ ಅಂಕಿ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳಿ ಅಂತ ಕಲಿಸಿದ್ದರು. ಅದಕ್ಕೆ ಬೇಕಾದದ್ದು ಅರ್ಧ ನಿಮಿಷ. ನಾವು ಆ ಅರ್ಧ ನಿಮಿಷ ಉಳಿಸಿಕೊಂಡಿದ್ದೆವು. ತಪ್ಪಾಯಿತು ಅಂದೆವು. "ಆತು ಬಿಡು, ಕುಂದರು" ಅಂದು, ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಅರ್ಧ ತಾಸು ಕೂತೆವು. ಈ ಸಲ ಪೆನ್ನು ತೆಗೆಯಲಿಲ್ಲ.

ಅಲ್ಲಿಂದ ಇಟಗಿ. ಅಲ್ಲಿನ ಮಹಾದೇವ ದೇವಾಲಯವನ್ನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಶಾಸನವೇ ಕರೆಯುತ್ತದೆ. ಎಷ್ಟೋ ಸಲ ಫೋಟೋ ತೆಗೆದು ಹೋಗಿದ್ದೆವು. ಬಿಸಿಲಲ್ಲಿ ಬಂದು ಆ ತಣ್ಣನೆಯ ಕಲ್ಲಿಗೆ ಬೆನ್ನು ಒರಗಿಸಿದ್ದು ಅದೇ ಮೊದಲು. ಕುಕನೂರಿನಲ್ಲಿ ಮಂಡಕ್ಕಿ, ಮಿರ್ಚಿ, ಚಹಾ. ಮುಂದೆ ಒಂದು ಪಂಕ್ಚರ್. ಟ್ಯೂಬಿಗೆ ಪ್ಯಾಚ್ ಹಾಕಿಕೊಟ್ಟ ಹುಡುಗ ನಮ್ಮ ಕಥೆ ಕೇಳಿ ದುಡ್ಡು ಕಡಿಮೆ ತಗೊಂಡ.

ಸಂಜೆ ಕೊಪ್ಪಳದ ಗುಡ್ಡ ಕಂಡಿತು. ಬೈಕಿನಲ್ಲಿ ಅದು ಕಂಡಿತು ಅನ್ನುವಷ್ಟರಲ್ಲಿ ಊರೇ ಬಂದಿರುತ್ತದೆ. ಅವತ್ತು ಮಾತ್ರ ಮೊದಲು ನೆರಳಿನ ಹಾಗೆ, ಆಮೇಲೆ ಬಂಡೆ ಬಂಡೆಯಾಗಿ, ಕೊನೆಗೆ ಕೋಟೆಯ ಗೋಡೆಯಾಗಿ ನಿಧಾನಕ್ಕೆ ಹತ್ತಿರ ಬಂತು. ಕಾಲು ಸೋತಿದ್ದವು, ಆದರೂ ದಾರಿ ಇನ್ನೂ ಸ್ವಲ್ಪ ಇದ್ದಿದ್ದರೆ ಅನ್ನಿಸಿತು. ಮರುದಿನ ವಾಪಸ್ ಬರುವಾಗ ಅದೇ ಮೂಡಗಾಳಿ ಬೆನ್ನಿಗಿತ್ತು. ಅರ್ಧ ದಾರಿ ಅದೇ ತಳ್ಳಿತು.

ಸುದ್ದಿಗೆ ಈಗಲೂ ಬೈಕಿನಲ್ಲೇ ಹೋಗುತ್ತೇವೆ. ಹೊಟ್ಟೆಪಾಡು, ಸಮಯಕ್ಕೆ ಕಳಿಸಲೇಬೇಕು. ಆದರೆ ಮಾತು ಶುರು ಮಾಡುವ ಮೊದಲು ಎಂಜಿನ್ ಬಂದ್ ಮಾಡಿ ಕೆಳಗೆ ಇಳಿಯುತ್ತೇವೆ. ತಿಂಗಳಿಗೊಂದು ಭಾನುವಾರ ಸೈಕಲ್ಲಿಗೆ. ನಿಮ್ಮ ಕೊಟ್ಟಿಗೆಯಲ್ಲೂ ಒಂದು ಒರಗಿರಬಹುದು, ಗಾಳಿ ಹೊಡೆಸಿ ನೋಡಿ.

ಆ ತಿದ್ದುಪಡಿ ಪೇಪರಿನಲ್ಲಿ ಬರಲಿಲ್ಲ. ಇಲ್ಲಾದರೂ ಬರೆದಿಡುತ್ತೇವೆ: ಆ ತಾಯಿಯ ಹೊಲ ಮೂರು ಎಕರೆ.