ಮರದೊಳಗಿನ ಶಾಸನ

ಕಾಲವನ್ನು ಗುರುತಿಸಿಡಬೇಕೆಂಬ ಹಂಬಲ ಮನುಷ್ಯನಿಗೆ ಬಹು ಹಳೆಯದು. ಗಜೇಂದ್ರಗಡದ ಸಮೀಪದ ಸೂಡಿಯನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಕಾಲದ ಶಾಸನಗಳು ಅಲ್ಲಿವೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳುವುದು ನಮ್ಮ ಶಾಸನಕಾರರ ಪದ್ಧತಿ. ಗ್ರಹಣಕಾಲದಲ್ಲಿ ದಾನ ಕೊಟ್ಟಿದ್ದರೆ ಅದನ್ನೂ ಕೆತ್ತಿಸುತ್ತಿದ್ದರು. ಕಣ್ಣಿಗೆ ಕಂಡ ಗ್ರಹಣವೇನೋ ಕಲ್ಲಿನಲ್ಲಿ ಉಳಿಯಿತು. ಕಣ್ಣಿಗೆ ಕಾಣದ ಸೂರ್ಯನ ಕೋಪ ಎಲ್ಲಿ ಉಳಿದೀತು? ಅದು ಮರದಲ್ಲಿ ಉಳಿದಿದೆ ಎಂಬ ಸಂಗತಿಯನ್ನು ಓದಿದಂದಿನಿಂದ, ಇತಿಹಾಸದ ವಿದ್ಯಾರ್ಥಿಯಾದ ನಾನು ಕಟ್ಟಿಗೆಯನ್ನು ನೋಡುವ ಬಗೆಯೇ ಬೇರೆಯಾಗಿದೆ.

ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಸಾರಜನಕವನ್ನು ತಾಕಿದಾಗ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹುಟ್ಟುತ್ತದೆ. ಅದು ಗಾಳಿಯಲ್ಲಿ ಬೆರೆತು, ಎಲೆಗಳ ಮೂಲಕ ಮರವನ್ನು ಸೇರಿ, ಆ ವರ್ಷದ ಉಂಗುರದಲ್ಲಿ ನೆಲೆನಿಲ್ಲುತ್ತದೆ. ಅದರಲ್ಲಿ ಅರ್ಧ ಕರಗಲು ಸುಮಾರು 5730 ವರ್ಷ ಬೇಕು. ಸೂರ್ಯನಿಂದ ಕಣಗಳ ಭಾರಿ ಪ್ರವಾಹ ಹೊರಟ ವರ್ಷ ಈ ಇಂಗಾಲ ಒಮ್ಮೆಲೆ ಹೆಚ್ಚುತ್ತದೆ. ಉಂಗುರಗಳನ್ನು ಎಣಿಸಿದರೆ ಇಸವಿ ದೊರೆಯುತ್ತದೆ. ಮೊದಲು ಬಹುಮಟ್ಟಿಗೆ ಹತ್ತು ವರ್ಷಗಳ ಉಂಗುರಗಳನ್ನು ಒಟ್ಟಿಗೆ ಅಳೆಯುತ್ತಿದ್ದುದರಿಂದ ಇಂಥ ಏರಿಕೆ ಮರೆಯಾಗಿತ್ತು. ಜಪಾನಿನ ಫುಸಾ ಮಿಯಾಕೆ ಎಂಬ ವಿಜ್ಞಾನಿ ಯಾಕುಶಿಮಾ ದ್ವೀಪದ ದೇವದಾರು ಜಾತಿಯ ಮರದ ಉಂಗುರಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿ, ಕ್ರಿ.ಶ. 774-775ರ ನಡುವೆ ಶೇಕಡಾ 1.2ರಷ್ಟು ಏರಿಕೆಯಾದುದನ್ನು 2012ರಲ್ಲಿ ಪ್ರಕಟಿಸಿದರು. ಜರ್ಮನಿಯ ಓಕ್ ಮರಗಳಲ್ಲೂ ಅದೇ ಏರಿಕೆ ಕಂಡಿತು. ಇದಕ್ಕೆ ಸೂರ್ಯನೇ ಕಾರಣವೆಂಬುದು ಬಹುಮಂದಿ ವಿಜ್ಞಾನಿಗಳ ಮತ.

ಆ ಇಸವಿ ನಮಗೆ ಅಪರಿಚಿತವಲ್ಲ. ಆಗ ಈ ನಾಡಿನಲ್ಲಿ ರಾಷ್ಟ್ರಕೂಟರ ಆಳ್ವಿಕೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಎದ್ದು ಒಂದು ತಲೆಮಾರು ಕಳೆದಿತ್ತು. ಅಂದಿನ ಒಕ್ಕಲಿಗನ ಬಿತ್ತನೆಗಾಗಲಿ ಸುಗ್ಗಿಗಾಗಲಿ ಆ ಬಿರುಗಾಳಿ ಅಡ್ಡಬರಲಿಲ್ಲ. ಅವನ ಬದುಕು ವಿದ್ಯುತ್ತಿನ ತಂತಿಗೆ ಕಟ್ಟುಬಿದ್ದಿರಲಿಲ್ಲವಷ್ಟೆ!

ಇನ್ನು ಹತ್ತಿರದ ಕಾಲಕ್ಕೆ ಬರೋಣ. 1858ರಲ್ಲಿ ನರಗುಂದದ ಬಾಬಾಸಾಹೇಬರು ಆಂಗ್ಲರ ಮೇಲೆ ಬಂಡೆದ್ದರು. ಮರುವರ್ಷ, 1859ರ ಸೆಪ್ಟೆಂಬರಿನಲ್ಲಿ, ಸೂರ್ಯನಲ್ಲಿ ಮಹಾಸ್ಫೋಟವಾಯಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣ ಭೂಮಿಯ ಕಾಂತಬಲ ಸುಮಾರು 1600 ನ್ಯಾನೊಟೆಸ್ಲಾದಷ್ಟು ಕುಸಿದುದನ್ನು ದಾಖಲಿಸಿತು. ಅಮೆರಿಕೆಯಲ್ಲಿ ಬ್ಯಾಟರಿಯ ಸಂಪರ್ಕ ತೆಗೆದರೂ ತಂತಿಯಲ್ಲಿ ಸಂದೇಶ ಹರಿಯಿತು! ಇಷ್ಟಾದರೂ 1859ರ ಉಂಗುರಗಳಲ್ಲಿ ಇಂಗಾಲದ ಏರಿಕೆ ಸ್ಪಷ್ಟವಾಗಿ ಕಾಣದು. ಉಪಕರಣಗಳು ಅಳೆದ ಕಣಪ್ರವಾಹಗಳಲ್ಲಿ ಅತಿ ತೀವ್ರವಾದದ್ದು 1956ರ ಫೆಬ್ರವರಿಯದು. 774ರದು ಅದಕ್ಕೂ ಹತ್ತಾರು ಪಟ್ಟು ದೊಡ್ಡದೆಂದು ಅಂದಾಜು. ಮನುಷ್ಯನ ದಾಖಲೆಯನ್ನಷ್ಟೇ ನಂಬಿದರೆ ಸೂರ್ಯನ ಶಕ್ತಿಯನ್ನು ನಾವು ಕಡಿಮೆಯಾಗಿಯೇ ಎಣಿಸುತ್ತೇವೆ.

ಇಂದು ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ರೋಣದ ರೈತನ ಪಂಪು ವಿದ್ಯುತ್ತಿಗೆ ಕಾಯುತ್ತದೆ. ಅಂಗಡಿಯ ಲೆಕ್ಕವೂ ಮೊಬೈಲಿನಲ್ಲಿ ನಡೆಯುತ್ತದೆ. 774ರಂಥದು ಮತ್ತೆ ಬಂದರೆ ಉಪಗ್ರಹಗಳಿಗೂ ವಿದ್ಯುಜ್ಜಾಲಕ್ಕೂ ಅಪಾಯ ತಪ್ಪದು. ಆದುದರಿಂದಲೇ 2023ರಲ್ಲಿ ನಮ್ಮ ದೇಶ ಆದಿತ್ಯ-ಎಲ್1 ನೌಕೆಯನ್ನು ಸೂರ್ಯನ ಕಾವಲಿಗೆ ಕಳುಹಿಸಿತು. ಕಾವಲುಗಾರನು ಎಷ್ಟು ದೊಡ್ಡ ಕಳ್ಳನಿಗೆ ಸಿದ್ಧನಾಗಿರಬೇಕೆಂಬುದನ್ನು ಹೇಳುವವು ಮರಗಳೇ.

ನಮ್ಮ ಎರೆನಾಡಿನ ಬೇವು, ಹುಣಸೆಗಳಲ್ಲಿ ವರ್ಷದ ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ಎಲೆ ಉದುರಿಸಿ ಚಿಗುರುವ ಸಾಗವಾನಿಯಲ್ಲಿ ಮೂಡುತ್ತದೆ. ಹಳೆಯ ಮನೆಗಳನ್ನು ಕೆಡವುವಾಗ ಸಾಗವಾನಿಯ ಕಂಬ, ತೊಲೆಗಳು ಕೊರೆಯುವ ಯಂತ್ರದ ಬಾಯಿಗೆ ಬೀಳುತ್ತವೆ. ಅವುಗಳಲ್ಲಿ 774ರ ಉಂಗುರ ಇರಲಾರದು, ನಿಜ. ಆದರೆ ನಮ್ಮ ಸೀಮೆಯ ಮಳೆ-ಬರಗಳ ಕಥೆ ಇದ್ದೀತು. ಶಾಸನ ಕಂಡಲ್ಲಿ ಪಡಿಯಚ್ಚು ತೆಗೆಯುವ ನಾವು, ಕಂಬವನ್ನು ಕೊರೆಯುವ ಮುನ್ನ ಅದರ ಒಂದು ಬಿಲ್ಲೆಯನ್ನಾದರೂ ಊರಿನ ಹೆಸರು ಬರೆದು ಕಾಲೇಜಿನಲ್ಲಿ ಇರಿಸಿದರೆ, ಮುಂದೆ ಓದಬಲ್ಲವರು ಬಂದಾಗ ಅವರಿಗೆ ಅದು ದೊರೆಯುವಂತಾದೀತು. ಗುರುಗಳೂ ಸಹಪಾಠಿಗಳೂ ಇದಕ್ಕೆ ಮನಸ್ಸು ಮಾಡಬೇಕೆಂದು ನನ್ನ ಬಿನ್ನಹ.