ಖಾಲಿ ಮಾಡಿಸಿ ಕೊಡಿ

ಹನುಮಂತನಗರದ ನಮ್ಮ ಬಿಲ್ಡಿಂಗನ್ನ 2025ರಲ್ಲಿ ಮಾರಿದ್ವಿ. ಬಿಲ್ಡಿಂಗು ಅಂದ್ರೆ ದೊಡ್ಡದೇನಲ್ಲ ಬಿಡಿ. ಥರ್ಟಿ-ಫಾರ್ಟಿ ಸೈಟು, ಕೆಳಗೆ ಮೂರು ಅಂಗಡಿ, ಮೇಲೆ ನಾಲ್ಕು ಪುಟ್ಟ ಮನೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥವು ಬೀದಿಗೆ ಹತ್ತು ಸಿಗುತ್ತೆ. ತಾತ ಹೋದ ಮೇಲೆ ಅಪ್ಪ, ಚಿಕ್ಕಪ್ಪ, ಅತ್ತೆ ಮೂವರಿಗೂ ಸಮಪಾಲು. ಹಂಚಿಕೊಳ್ಳೋಕೆ ಮಾರೋದೊಂದೇ ದಾರಿ.

ಲೆಕ್ಕದ ಕೆಲಸ ನನ್ನ ಪಾಲಿಗೆ ಬಂತು, ಎಷ್ಟಾದ್ರೂ ಇಂಜಿನಿಯರ್ ನೋಡಿ :-) ಮೊದಲು ಇ-ಖಾತೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಅದಿಲ್ಲದೆ ನೋಂದಣಿ ಆಗಲ್ಲ. ಆಮೇಲೆ ತೆರಿಗೆ. ನಮಗೆ ಒಂದೇ ಬಿಲ್ಡಿಂಗು, ಸರ್ಕಾರಕ್ಕೆ ಎರಡು! ಆಸ್ತಿ ತೆರಿಗೆಯಲ್ಲಿ ಮನೆಗೊಂದು ದರ, ಅಂಗಡಿಗೊಂದು ದರ. ಆದಾಯ ತೆರಿಗೆಯಲ್ಲಿ, ಮನೆ ಭಾಗದ ಲಾಭವನ್ನಷ್ಟೇ ಇನ್ನೊಂದು ಮನೆಗೆ ಹಾಕಿದ್ರೆ ವಿನಾಯಿತಿ. ಅಂಗಡಿ ಭಾಗಕ್ಕೆ ಪೂರ್ತಿ ವಿನಾಯಿತಿ ಬೇಕಂದ್ರೆ ಲಾಭ ಸಾಲದು, ಬಂದ ದುಡ್ಡನ್ನೆಲ್ಲ ಹಾಕಬೇಕು.

ಕೊಳ್ಳೋಕೆ ಬಂದವರಿಗೆ ಮಾತ್ರ ಬಿಲ್ಡಿಂಗೇ ಕಾಣಲಿಲ್ಲ. ಚದರಡಿಗೆ ಇಷ್ಟು ಅಂತ ಜಾಗಕ್ಕೆ ರೇಟು. ತಾತ ಕಟ್ಟಿಸಿದ್ದಕ್ಕೆ ಸೊನ್ನೆ, ಕೆಡವೋ ಖರ್ಚು ಸೇರಿಸಿದ್ರೆ ಮೈನಸ್ಸು! ಬ್ರೋಕರ್‌ದು ಒಂದೇ ಮಂತ್ರ: "ಖಾಲಿ ಮಾಡಿಸಿ ಕೊಡಿ ಸಾರ್, ಒಳ್ಳೇ ರೇಟ್ ಬರುತ್ತೆ."

ಮಾರಿದ ಮಾತ್ರಕ್ಕೆ ಬಾಡಿಗೆದಾರರ ಹಕ್ಕು ಹೋಗಲ್ಲ, ಹೊಸ ಮಾಲೀಕ ಹಳಬನ ಜಾಗಕ್ಕೆ ಬರ್ತಾನೆ ಅಷ್ಟೇ ಅನ್ನುತ್ತೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಆದ್ರೆ ಹನ್ನೊಂದು ತಿಂಗಳ ಕರಾರಿನಲ್ಲಿ ಆ ಹಕ್ಕಿನ ಆಯಸ್ಸೆಷ್ಟು? ಅಂಗಡಿಯವರು ಮೂವರೂ ಪಕ್ಕದ ರಸ್ತೆಯಲ್ಲಿ ಜಾಗ ಹುಡುಕಿಕೊಂಡ್ರು. ಉಳಿದಿದ್ದು ಮೇಲ್ಮಹಡಿಯಲ್ಲಿ ಲೀಸಿಗಿದ್ದ ಅಜ್ಜಿ. ಬೆಂಗಳೂರಿನ ಲೀಸು ಗೊತ್ತಲ್ಲ, ತಿಂಗಳ ಬಾಡಿಗೆ ಇಲ್ಲ, ಒಂದೇ ಸಲ ದುಡ್ಡು ಕೊಟ್ಟು, ಬಿಡುವಾಗ ಅಷ್ಟನ್ನೇ ವಾಪಸ್ ತಗೊಳ್ಳೋದು. ಅವರು ಕೊಟ್ಟ ಮೂರು ಲಕ್ಷವೇ ನನ್ನ ಬಿಇ ಫೀಸಾಗಿತ್ತು.

ಅದೇ ಗೋಡೆ, ಅದೇ ಹತ್ತು ವರ್ಷ. ನಮ್ಮ ಜಾಗದ ಬೆಲೆ ಏರುತ್ತಾ ಹೋಯ್ತು, ಅಜ್ಜಿಯ ಮೂರು ಲಕ್ಷ ಮೂರು ಲಕ್ಷವಾಗೇ ಉಳೀತು. ಅಷ್ಟಕ್ಕೆ ಈಗ ನಮ್ಮ ಏರಿಯಾದಲ್ಲಿ ಒಂದು ರೂಮೂ ಸಿಗಲ್ಲ. ಕೆಂಗೇರಿ ಆಚೆ ಮಗಳ ಮನೆಗೆ ಹೋಗ್ತೀನಿ ಅಂದ್ರು.

ಅಡ್ವಾನ್ಸ್ ಬಂದ ದಿನ ಅಪ್ಪ ತಮ್ಮ ಪಾಲಿನಿಂದ ಇನ್ನೆರಡು ಲಕ್ಷ ಸೇರಿಸಿ ಅಜ್ಜಿಗೆ ಕೊಟ್ಟರು. ಚಿಕ್ಕಪ್ಪನಿಗೆ ಇಷ್ಟವಾಗಲಿಲ್ಲ. ಅಜ್ಜಿ ಬೇಡ ಅನ್ನಲಿಲ್ಲ, ಸುಮ್ಮನೆ ತಗೊಂಡ್ರು. ನಂಗದೇ ಸಮಾಧಾನ.

ಎಕ್ಸೆಲ್‌ನಲ್ಲಿ ಇದನ್ನ ಖರ್ಚಿಗೆ ಹಾಕ್ಲಾ ಅಂತ ಅಪ್ಪನ್ನ ಕೇಳಿದೆ.

"ಖರ್ಚಲ್ಲ ಕಣೋ, ಬಾಕಿ ಇತ್ತು" ಅಂದ್ರು.